ಸೋಪುಪುಡಿಯ ಚಮಚ

ನಾಲಗೆಯ ಕೆಳಗೆ ಇನ್ನೂ ಸೋಪುಪುಡಿಯ ರುಚಿ, ಮೂರು ದಿನವಾಯಿತು, ಎಷ್ಟು ಮುಕ್ಕಳಿಸಿದರೂ ಹೋಗದು, ಥೂ, ಲಾಂಡ್ರಿಯ ಸೋಪುಡಬ್ಬಿಯೊಳಗೆ ವರ್ಷಗಟ್ಟಲೆ ಬಿದ್ದಿದ್ದ ಆ ತುಕ್ಕು ಚಮಚವೇ ಬೇಕಿತ್ತೇ ಅವರಿಗೆ, ನಾಲಗೆ ಕಚ್ಕೋತಾಳೆ, ಹಲ್ಲು ಬಿಡಿಸ್ರೇ, ತುರುಕ್ರೇ — ಇದು ಅವಳು ಕೇಳಿದ್ದಲ್ಲ, ಆಮೇಲೆ ಅವರವರೇ ಹೆಮ್ಮೆಯಿಂದ ಹೇಳಿಕೊಂಡದ್ದು, ಅವಳಿಗೆ ಗೊತ್ತಿರುವುದು ಮೂರ್ಛೆ ತಿಳಿದು ಎಚ್ಚರವಾದಾಗ ಬಾಯಿತುಂಬ ನೊರೆ, ಅದರಲ್ಲಿ ಅವಳದೆಷ್ಟೋ ಸೋಪಿನದೆಷ್ಟೋ, ನೆಲದ ಮೇಲೆ ಅವಳದೇ ಮುಂದಿನ ಹಲ್ಲಿನ ಚೂರು, ಸುತ್ತ ಒದ್ದೆ ಚಪ್ಪಲಿಗಳು, ಮೂಗು ಮುಚ್ಚಿಕೊಂಡ ಯಾರದೋ ದನಿ, ಅಯ್ಯೋ, ಬಟ್ಟೇಲೇ ಉಚ್ಚೆ ಹೊಯ್ಕೊಂಡಿದ್ದಾಳೆ. ಅಸಹ್ಯವಂತೆ. ಆಸ್ಪತ್ರೆಯಿಂದ, ಹೋಟೆಲಿನಿಂದ ಬರುವ ಬೆಡ್‌ಶೀಟುಗಳಲ್ಲಿ ಕಂಡವರ ವಾಂತಿ, ಕೀವು, ಬೆವರು, ಅದನ್ನೆಲ್ಲ ಬೆಳಗಿನಿಂದ ಬರಿಗೈಯಲ್ಲಿ ತಿಕ್ಕಿ, ಮಧ್ಯಾಹ್ನ ಅದೇ ಕೈಯಲ್ಲಿ ಊಟದ ಡಬ್ಬಿ ಬಿಚ್ಚುವ ಈ ಹೆಂಗಸರಿಗೆ ಅವಳ ಜೊಲ್ಲು ಅಸಹ್ಯ.

ಡಾಕ್ಟರಮ್ಮ ಹೇಳಿದ್ದು ಎಷ್ಟು ಸಲೀಸಾಗಿತ್ತು, ಮೂರ್ಛೆರೋಗ ಅಂದ್ರೆ ಮಿದುಳಲ್ಲಿ ಒಂದು ಗಳಿಗೆ ಕರೆಂಟು ಏರುಪೇರಾದ ಹಾಗಮ್ಮ, ಅಂಟೋದಲ್ಲ, ಮಾತ್ರೆ ತಪ್ಪಿಸಬೇಡ, ಬಿದ್ರೆ ಪಕ್ಕಕ್ಕೆ ಹೊರಳಿಸಿ ಹತ್ರ ಇರಬೇಕು, ಬಾಯಿಗೆ ಏನೂ ಹಾಕಬಾರದು, ಐದು ನಿಮಿಷಕ್ಕೂ ನಿಲ್ಲದಿದ್ರೆ ಆಸ್ಪತ್ರೆ — ಇಷ್ಟನ್ನು ಕೆಲಸಕ್ಕೆ ಸೇರಿದ ದಿನವೇ ಇವರಿಗೆಲ್ಲ ಹೇಳಬಹುದಿತ್ತು, ಎರಡು ವರ್ಷ ನುಂಗಿಕೊಂಡೇ ಇದ್ದಳು, ಆ ತನ್ನ ಬಾಯಿಯ ಮೇಲೂ ಅವಳಿಗೆ ಹೇಸಿಗೆ. ಈಗ ಮೇಸ್ತ್ರಿ ಅನ್ನುತ್ತಾನೆ, ಜೋಡಿ ಸಿಕ್ರೆ ಇರು, ಇಲ್ಲಾಂದ್ರೆ ಮನೆಗೆ ನಡಿ, ಬೆಡ್‌ಶೀಟು ಮಡಚೋಕೆ ಇಬ್ಬರು ಬೇಕಲ್ವಾ. ಯಾರೂ ತಲೆ ಎತ್ತಲಿಲ್ಲ, ಕೊನೆಗೆ ಉದ್ದಕ್ಕ, ಎರಡು ವರ್ಷದಿಂದ ಅವಳ ಜೋಡಿಯಾಗಿದ್ದ ಎಲ್ಲರಿಗಿಂತ ಎತ್ತರದ ಉದ್ದಕ್ಕ, ಎದ್ದು ಬಂದಳು, ಬ್ಲೀಚಿಂಗ್ ತೊಟ್ಟಿಯ ಹಳದಿ ರಬ್ಬರ್ ಕೈಗವಸನ್ನು ಮೊಳಕೈತನಕ ಏರಿಸಿಕೊಂಡು. ಬೇಜಾರು ಮಾಡ್ಕೋಬೇಡ ಕಣೇ, ಮನೇಲಿ ಮಕ್ಕಳಿದ್ದಾವೆ. ಅಂಟಲ್ಲ ಅಕ್ಕ, ಅಂದದ್ದು ಮಿಷನ್ನುಗಳ ಗದ್ದಲದಲ್ಲಿ ಅವಳಿಗೇ ಕೇಳಲಿಲ್ಲ, ಮತ್ತೆ ಅಂದಳು, ಜೋರಾಗಿ, ಜೀವಮಾನದಲ್ಲೇ ಅಷ್ಟು ಜೋರಾಗಿ, ಅಂಟಲ್ಲ, ಇನ್ನೊಂದ್ಸಲ ಬಿದ್ರೆ ಚಮಚ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ, ಅಷ್ಟೇ ಸಾಕು. ಹೂಂ ಹೂಂ, ಉದ್ದಕ್ಕ ಅಂದಳು, ರಚ್ಚೆ ಹಿಡಿದ ಮಗುವನ್ನು ಸುಮ್ಮನಿರಿಸುವ ಹಾಗೆ, ಆಯ್ತು, ಹಿಡಿ. ಹಿಡಿದಳು, ಆ ಕಡೆ ಎರಡು ಮೂಲೆ, ಈ ಕಡೆ ಎರಡು, ಎಳೆದು, ಒದರಿ, ಎದುರುಬದುರಾಗಿ ನಡೆದು ಮೂಲೆಗೆ ಮೂಲೆ ಕೂಡಿಸುವುದು, ಮೊದಲೆಲ್ಲ ಹತ್ತಿರ ಬಂದಾಗ ಮೇಸ್ತ್ರಿಯ ಬೊಜ್ಜಿನ ಮೇಲೊಂದು ಚೇಷ್ಟೆ ಮಾತು ಕಿವಿಗೆ ಬೀಳುತ್ತಿತ್ತು, ಈಗ ಉದ್ದಕ್ಕ ಉಸಿರು ಬಿಗಿಹಿಡಿದು ಬರುತ್ತಾಳೆ, ಹಳದಿ ಬೆರಳುಗಳು ಅವಳ ಬೆರಳು ತಾಕದಂತೆ ಮೂಲೆ ಕಿತ್ತುಕೊಳ್ಳುತ್ತವೆ, ಕೆಲಸ ಉಳಿಯಿತು, ಉಳಿಯಿತಲ್ಲ, ನಾಲ್ಕನೆಯದು, ಐದನೆಯದು, ಆರನೆಯದರ ನಡುವೆ ಕಂದು ಕಲೆ, ತಾಳೇ, ರಕ್ತ ಹೋಗಿಲ್ವೇನೋ, ಉದ್ದಕ್ಕ ಕೈಗವಸು ಕಳಚಿ ಕಂಕುಳಿಗೆ ಸಿಕ್ಕಿಸಿದಳು, ಯಾರದೋ ರಕ್ತವನ್ನು ಬರಿಯ ಉಗುರಿನಿಂದ ಕೆರೆದಳು, ಬೆರಳನ್ನು ನಾಲಗೆಗೆ ಮುಟ್ಟಿಸಿ ಒದ್ದೆ ಮಾಡಿ ತಿಕ್ಕಿದಳು, ಮತ್ತೆ ನಾಲಗೆ, ಮತ್ತೆ ಕಲೆ, ಹೋಯ್ತು ಬಿಡು ಅಂದಳು, ಆಮೇಲೆ ಕೈಗವಸನ್ನು ಒಂದೊಂದೇ ಬೆರಳಿಗೆ ಎಳೆದು ತೊಟ್ಟು ಅವಳ ಕಡೆಗೆ ನಡೆದು ಬಂದಳು, ಹಳದಿ ಅಂಗೈ, ಹಳದಿ ಬೆರಳು, ಹಳದಿ ಬೆರಳು