ಷಡಕ್ಷರಿ ಮೇಷ್ಟ್ರ ಗಾಜಿನ ಬೀರು

ರಾಮಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಷಡಕ್ಷರಿ ಮೇಷ್ಟ್ರ ತಲೆಗೇ ಲೈಬ್ರರಿಯನ್ನೂ ಕಟ್ಟಿದ್ದರು. ಲೈಬ್ರರಿ ಎಂದರೆ ಒಂದು ಗಾಜಿನ ಬೀರು. ಅದರ ಬೀಗದ ಕೈ ಮೇಷ್ಟ್ರ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಪುಸ್ತಕ ಕೇಳಿ ಬಂದ ಮಕ್ಕಳಿಗೆ ಅವರದು ಒಂದೇ ಪ್ರಶ್ನೆ: "ಕೈ ತೊಳ್ಕಂಡಿದ್ದೀಯಾ?" ತೊಳೆದು ಬಂದರೆ ಒದ್ದೆ ಕೈ ಎನ್ನುವರು. ಒರೆಸಿಕೊಂಡು ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು. ವಿಜ್ಞಾನದ ಯಶೋದ ಮೇಡಂ ಪಾಠಕ್ಕೆಂದು ಹೃದಯದ ಚಿತ್ರವಿದ್ದ ಪುಸ್ತಕ ಕೇಳಿದಾಗ, ಇಡೀ ಕ್ಲಾಸನ್ನು ಬೀರುವಿನ ಮುಂದೆ ನಿಲ್ಲಿಸಿ ಗಾಜಿನಾಚೆಯಿಂದಲೇ ತೋರಿಸಿದ ಪುಣ್ಯಾತ್ಮ ಇವರು.

ಕೆಟ್ಟವರೇನಲ್ಲ. ತಾವು ಓದಿದ ಶಾಲೆಯಲ್ಲಿ ಪುಸ್ತಕವೇ ಇರಲಿಲ್ಲವೆಂಬ ಸಂಕಟ ಅವರಿಗೆ. ಅದಕ್ಕೇ ಇವನ್ನು ಹಸುಗೂಸಿನಂತೆ ಕಾಯುತ್ತಿದ್ದರು.

ಅಂಥವರಿಗೆ ಮೇಲಿನ ಆಫೀಸಿನಿಂದ ಫೋನು ಬಂತು. ಸೋಮವಾರ ತಪಾಸಣೆಯಂತೆ. ಯಾರೂ ಮುಟ್ಟದ ಪುಸ್ತಕಗಳಿದ್ದರೆ ಅವನ್ನೆಲ್ಲ ಒಡೆಯರಪಾಳ್ಯದ ಕಡೆಯ ಶಾಲೆಗೆ ಸಾಗಿಸುತ್ತಾರಂತೆ. ಮೇಷ್ಟ್ರು ಬೀಗದ ಕೈಗಾಗಿ ಜೇಬು ತಡಕಿದರು. ಬೀರು ತೆಗೆದು ನೋಡಿದರೆ ಪುಸ್ತಕಗಳಿಗೆ ಇನ್ನೂ ಅಂಗಡಿಯ ವಾಸನೆಯೇ ಹೋಗಿರಲಿಲ್ಲ.

ಶನಿವಾರ ಪುಸ್ತಕಗಳನ್ನೆಲ್ಲ ಎಂಟನೇ ಕ್ಲಾಸಿಗೆ ಹೊರಿಸಿದರು. "ಇವನ್ನ ಒಸಿ ಹಳೇದು ಮಾಡ್ಬೇಕು ಮಕ್ಕಳೇ. ಮನೆಗೆ ತಕಂಡೋಗಿ ಪುಟ ತಿರುವಿ, ಮೂಲೆ ಮಡ್ಚಿ..." ಅಷ್ಟು ಹೇಳಿ, ಕೈಯಲ್ಲಿದ್ದ ಪುಸ್ತಕದ ಮೂಲೆಯನ್ನು ತಾವೇ ನೇವರಿಸಿದರು.

"ಓದ್ಬೋದಾ ಸಾ?" ಎಂದಳು ಮುಂದಿನ ಬೆಂಚಿನ ದೀಪ.

"ಅದು ನಿಮ್ಮಿಷ್ಟ ಕಣಮ್ಮಿ. ಮಡ್ಚೋದ ಮಾತ್ರ ಮರೀಬ್ಯಾಡಿ. ಸೋಮವಾರ ಎಲ್ಲಾನೂ ವಾಪಸ್ ಬರ್ಬೇಕು."

ಸೋಮವಾರ ಒಂದೂ ವಾಪಸ್ ಬರಲಿಲ್ಲ. ಒಬ್ಬನದು ಮುಗಿದಿಲ್ಲ, ಇನ್ನೊಬ್ಬನದನ್ನು ಅಕ್ಕ ಕಿತ್ತುಕೊಂಡಿದ್ದಾಳೆ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತಾಗಲೇ ಜೀಪು ಬಂದು ನಿಂತಿತು.

ತಪಾಸಣೆಗೆ ಬಂದ ಶಿವಕುಮಾರಸ್ವಾಮಿಯವರು ಬೀರುವಿನಲ್ಲಿ ಕಂಡದ್ದು ನುಸಿಗುಳಿಗೆ ಮಾತ್ರ. "ಪುಸ್ತಕ ಎಲ್ರೀ?"

"ಮಕ್ಕಳ ಮನೇಲವೆ ಸಾರ್," ಎಂದರು ಮೇಷ್ಟ್ರು, ಕಳ್ಳತನ ಒಪ್ಪಿಕೊಂಡವರ ದನಿಯಲ್ಲಿ.

ಸಾಹೇಬರು ನಂಬದೆ ಕ್ಲಾಸಿಗೇ ನಡೆದರು. ಯಾರು ಏನು ಓದಿದಿರಿ ಎಂದು ಕೇಳಿದ್ದೇ ತಡ, ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಕತೆ ಶುರು ಮಾಡಿದರು. ಬೆಲ್ ಹೊಡೆದರೂ ನಿಲ್ಲಿಸಲಿಲ್ಲ. ಸಾಹೇಬರು ಕಿವಿ ಮುಚ್ಚಿಕೊಂಡು ನಕ್ಕರು. "ಖಾಲಿ ಬೀರು ಹೊತ್ಕೊಂಡ್ಹೋಗಿ ನಾನೇನು ಮಾಡ್ಲಿ ಮೇಷ್ಟ್ರೇ? ಪುಸ್ತಕ ಇಲ್ಲೇ ಇರ್ಲಿ."

ಜೀಪು ಹೋದ ಮೇಲೆ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ನಾಚಿಕೆಯೂ ಆಯಿತು. ಇಷ್ಟು ವರ್ಷ ಕಾದ ಪುಸ್ತಕಗಳಲ್ಲಿ ಒಂದರ ಕತೆಯೂ ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ, ದೀಪಳ ಗಣಿತ ಪುಸ್ತಕದೊಳಗೆ ಕತೆಪುಸ್ತಕ ಅಡಗಿತ್ತು. ಹುಡುಗಿ ಬೆದರಿ ಎದ್ದು ನಿಂತಳು. ಮೇಷ್ಟ್ರು ಬೈಯಲಿಲ್ಲ. ಕೈ ಚಾಚಿ, ಮೆಲ್ಲಗೆ, "ನೀನು ಓದಾದ್ಮೇಲೆ ನಂಗೂ ಒಸಿ ಕೊಡವ್ವ," ಎಂದರು.

ದೀಪ ಸೀಮೆಸುಣ್ಣ ಮೆತ್ತಿದ ಆ ಕೈಯನ್ನೇ ನೋಡಿದಳು.

"ಕೊಡ್ತೀನಿ ಸಾ. ಕೈ ತೊಳ್ಕಂಡ್ ಬನ್ನಿ."

ಮೇಷ್ಟ್ರು ನಲ್ಲಿಯ ಕಡೆ ನಡೆದರು. ಬರುವಾಗ ಕೈಯನ್ನು ಚೆನ್ನಾಗಿ ಒರೆಸಿಕೊಂಡೇ ಬಂದರು.