ಶವಸಂಸ್ಕಾರದ ಪರೀಕ್ಷೆ

ನಮ್ಮ ದೈವಶಾಸ್ತ್ರ ಕಾಲೇಜಿನಲ್ಲಿ ಹೆಣ ಹೂಳುವುದಕ್ಕೂ ಪರೀಕ್ಷೆಯಿತ್ತು. ಯುದ್ಧ ಶುರುವಾಗಿ ಮೂರನೇ ವರ್ಷ. ಕ್ರೈಸ್ತ ಸಭೆಗಳಲ್ಲಿ ಪಾದ್ರಿಗಳೇ ಇಲ್ಲ, ಹೂಳುವ ಕೆಲಸಕ್ಕೆ ಮಾತ್ರ ಬಿಡುವಿಲ್ಲ. ಹಾಗಾಗಿ ನಾಲ್ಕು ವರ್ಷದ ಓದನ್ನು ಎರಡಕ್ಕೆ ಮೊಟಕು ಮಾಡಿದ್ದರು. ಪಾಸಾದವನು ಪಾದ್ರಿಯಾಗಿ ಸಭೆಗೆ, ಫೇಲಾದವನು ಸೈನ್ಯಕ್ಕೆ. ನಾನು ಆಗಲೇ ಒಮ್ಮೆ ಫೇಲಾಗಿದ್ದೆ. ಪ್ರಾರ್ಥನೆಯ ನಡುವೆ ಗಂಟಲು ಕಟ್ಟಿ, ಅರ್ಧದಲ್ಲೇ ಆಮೆನ್ ಅಂದುಬಿಟ್ಟಿದ್ದೆ. ಇದು ಕೊನೆಯ ಅವಕಾಶ. ಅಂಕದ ಹಾಳೆಯನ್ನು ಮೇಷ್ಟ್ರು ಅಂದೇ ಹನ್ನೆರಡು ಗಂಟೆಗೆ ಸೈನ್ಯದ ಕಚೇರಿಗೆ ಕಳಿಸಬೇಕಿತ್ತು.

ಶವಪೆಟ್ಟಿಗೆಯೇನೋ ನಿಜವಾದದ್ದೇ. ಹೊರುವವರಿಗೆ ಭಾರದ ಅಂದಾಜು ಸಿಗಲಿ ಎಂದು ಒಳಗೆ ಲೈಬ್ರರಿಯ ಹಳೆಯ ದಪ್ಪ ಬೈಬಲ್ ವ್ಯಾಖ್ಯಾನದ ಪುಸ್ತಕಗಳನ್ನು ತುಂಬುತ್ತಿದ್ದೆವು.

"ಕಪಾಟಲ್ಲಿದ್ದಾಗ ಒಬ್ಬನೂ ಮುಟ್ಲಿಲ್ಲ, ಈಗ ಹೆಗಲು ಕೊಡ್ಬೇಕು ನೋಡು" ಎಂದು ಗೂಟ ಗೊಣಗಿದ. ನಮ್ಮ ತರಗತಿಯ ಅತಿ ಉದ್ದನೆಯವನಿಗೆ ನಾವಿಟ್ಟ ಹೆಸರದು. ಅವನು ಹೊತ್ತ ಮೂಲೆ ಯಾವಾಗಲೂ ಮೇಲೆ, ಭಾರವೆಲ್ಲ ನಮ್ಮ ಮೇಲೆ.

ಪ್ರಾರ್ಥನಾ ಮಂದಿರದ ಚಾವಣಿ ಬಾಂಬಿಗೆ ಹೋಗಿದ್ದರಿಂದ ಪರೀಕ್ಷೆ ಅಂಗಳದಲ್ಲಿ. ಸಾವಿನ ಗಂಟೆಯನ್ನೂ ಬಾರಿಸಬೇಕು, ಅದಕ್ಕೂ ಅಂಕ. ಬಾರಿಸಿದೆವು. ಗೇಟು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಪೆಟ್ಟಿಗೆ ಇಳಿಸಿ ನಾನು ಪ್ರಾರ್ಥನಾ ಪುಸ್ತಕ ಬಿಡಿಸುವಷ್ಟರಲ್ಲಿ ಎದುರು ಬೀದಿಯ ಬಟ್ಟೆ ಒಗೆಯುವವಳು ಓಡಿ ಬಂದಳು. ಮೊಣಕೈವರೆಗೂ ಸೋಪಿನ ನೊರೆ.

"ಯಾರಪ್ಪಾ ಇದು? ಯಾರ ಮಗ?"

ನೊರೆಗೈಯನ್ನೇ ಮುಚ್ಚಳದ ಮೇಲಿಟ್ಟಳು.

"ನನ್ನ ಮಗಂದು ಎರಡು ತಿಂಗಳಿಂದ ಕಾಗದ ಇಲ್ಲ. ಒಂದ್ಸಲ ಮುಖ ತೋರಿಸ್ರಪ್ಪಾ, ನಿಮ್ಮ ದಮ್ಮಯ್ಯ."

"ಅಮ್ಮಾ, ಇದರಲ್ಲಿ ಯಾರೂ ಇಲ್ಲ" ಎಂದೆ.

"ಎಲ್ಲರೂ ಹಂಗೇ ಹೇಳೋದು. ನಾನೇನು ಹೆದರಲ್ಲ, ತೆಗಿ."

ಮುಚ್ಚಳ ತೆಗೆದೆ. ಅವಳು ಬಗ್ಗಿ ನೋಡಿದಳು. ಒಂದು ಪುಸ್ತಕವನ್ನು ಒದ್ದೆ ಬೆರಳಿನಿಂದ ಒತ್ತಿಯೂ ನೋಡಿದಳು.

"ಇದಕ್ಕಾ ಗಂಟೆ ಹೊಡೆದ್ರಿ?"

"ಪರೀಕ್ಷೆ ಅಮ್ಮಾ."

"ಹಾಳಾದೋರಾ! ನಲ್ಲಿ ತೆರೆದಿಟ್ಟೇ ಓಡಿ ಬಂದೆ. ಮನೆಯೆಲ್ಲ ಕೆರೆ ಆಗಿರುತ್ತೆ!" ನಕ್ಕಳು. ನಗುತ್ತಲೇ ಮೆಟ್ಟಿಲ ಮೇಲೆ ಕೂತಳು. "ನೀರು ಹರಿದ್ರೆ ಹರೀಲಿ. ಆಸ್ಪತ್ರೆ ಗೋಡೆಗೆ ಸತ್ತೋರ ಹೆಸರು ಅಂಟಿಸ್ತಾರಂತೆ. ನನಗೆ ಓದೋಕೆ ಬರಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ಇಷ್ಟು ದಿನ ಧೈರ್ಯ ಇರ್ಲಿಲ್ಲ. ಇವತ್ತು ಬಂದಿದೆ, ನಾಳೆಗೆ ಉಳಿಯಲ್ಲ ಅದು. ಬರ್ತೀಯಾ ಮಗಾ?"

"ಒಂದೇ ಪುಟ ಇದೆ, ಮುಗಿಸಿ ಬರ್ತಾನೆ" ಎಂದರು ಮೇಷ್ಟ್ರು. "ಹತ್ತು ನಿಮಿಷ ಕೂತಿರಮ್ಮ."

"ಕೂತಿರ್ತೀನಿ ಸ್ವಾಮಿ."

ಪುಟ ತೆರೆದೆ. "ನಮ್ಮ ಈ ಸಹೋದರನ ದೇಹವನ್ನು..."

ನೊರೆ ಒರೆಸಿಕೊಳ್ಳುತ್ತಿದ್ದ ಅವಳ ಕೈ ನಿಂತಿತು.

ಮುಂದಿನ ಪದ 'ಮಣ್ಣಿಗೆ'. ಬರೀ ಪುಸ್ತಕಗಳಿಗಾಗಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಪ್ರಾರ್ಥನಾ ಪುಸ್ತಕ ಮುಚ್ಚಿದೆ.

"ಮತ್ತೆ ಗಂಟಲು ಕಟ್ತಾ?" ಎಂದರು ಮೇಷ್ಟ್ರು.

"ಇಲ್ಲ ಸಾರ್. ಇವರ ಮುಂದೆ ಹೇಳೋಕಾಗಲ್ಲ. ಮೊದಲು ಆಸ್ಪತ್ರೆಗೆ ಹೋಗಿ ಬರ್ತೀನಿ."

"ಹನ್ನೆರಡರೊಳಗೆ ಬರ್ಲಿಲ್ಲ ಅಂದ್ರೆ ಸೊನ್ನೆ ಹಾಕಿ ಕಳಿಸ್ಬೇಕಾಗುತ್ತೆ. ನನ್ನ ಕೈಲಿ ಏನೂ ಇಲ್ಲ, ಗೊತ್ತಲ್ಲ?"

"ಗೊತ್ತು ಸಾರ್."

"ಲೇ, ತಲೆ ಕೆಟ್ಟಿದೆಯೇನೋ!" ಗೂಟ ನನ್ನ ತೋಳು ಹಿಡಿದ. ಬಿಡಿಸಿಕೊಂಡೆ.

"ಏನದು ಸೊನ್ನೆ?" ಎಂದು ಅವಳು ಕೇಳಿದಳು.

"ಏನಿಲ್ಲ, ನಡೀರಿ."

ದಾರಿಯಲ್ಲಿ ಮಗನ ಹೆಸರನ್ನು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದಳು, ನಾನೆಲ್ಲಿ ಮರೆತುಬಿಟ್ಟೇನೋ ಎಂಬ ಭಯಕ್ಕೆ.

ಆಸ್ಪತ್ರೆಯ ಗೋಡೆಗೆ ಐದು ಹಾಳೆ ಅಂಟಿಸಿದ್ದರು. ಎದುರಿಗೆ ಹತ್ತು ಹದಿನೈದು ಜನ ಸುಮ್ಮನೆ ನಿಂತಿದ್ದರು. ಬೆರಳಿಟ್ಟು ಒಂದೊಂದೇ ಹೆಸರು ಇಳಿಯುತ್ತಾ ಬಂದೆ. ಅವಳು ಹಾಳೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖವನ್ನು ಹೇಗಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಅವಳ ಮಗನ ಹೆಸರಿನ ಮೊದಲ ಅಕ್ಷರದಿಂದಲೇ ಶುರುವಾಗುವ ಒಂದು ಹೆಸರು ಸಿಕ್ಕಿ ಬೆರಳು ಅಲ್ಲೇ ನಿಂತಿತು. ಅವನಲ್ಲ. ಕೊನೆಯ ಸಾಲೂ ಮುಗಿಯಿತು.

"ಇಲ್ಲಮ್ಮ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

"ಬಾಯಿ ಬಿಟ್ಟು ಓದು. ನನ್ನ ಕಿವಿಗೂ ಬೀಳ್ಲಿ."

ಬಾಗಿಲ ಮೇಲಿನ ಗಡಿಯಾರದಲ್ಲಿ ಹನ್ನೆರಡಕ್ಕೆ ಕಾಲು ಗಂಟೆಯಿತ್ತು. ಈಗ ಓಡಿದರೆ ಆ ಒಂದು ಪುಟ ಮುಗಿಸಬಹುದು. ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

ಮೊದಲ ಹಾಳೆಯ ಮೊದಲ ಹೆಸರಿನಿಂದ ಓದತೊಡಗಿದೆ.

"ಸ್ವಲ್ಪ ಜೋರಾಗಿ ಓದಪ್ಪಾ" ಎಂದರು ಹಿಂದೆ ನಿಂತಿದ್ದ ಮುದುಕರೊಬ್ಬರು. ಉಳಿದವರೂ ಹತ್ತಿರ ಸರಿದರು. ಧ್ವನಿ ಏರಿಸಿದೆ. ನಾಲ್ಕನೇ ಹಾಳೆಗೆ ಬರುವಾಗ ಮುಳ್ಳು ಹನ್ನೆರಡು ದಾಟಿತ್ತು.