ಶಿರ್ತಾಡಿಯ ಗುಡ್ಡೆ, ಆರಡಿ ಅಗಲ

ನೊಣ ಮತ್ತೆ ಬಂದು ಕೂತಿತು, ಗುಡ್ಡೆಯ ಬಲಬದಿಯ ಹಸುರಿನ ಮೇಲೆ, ಬಣ್ಣ ಇನ್ನೂ ಹಸಿ, ಓಡಿಸಬೇಕು, ಕೈ ಏಳುತ್ತಿಲ್ಲ — ಲೋಲಾಕ್ಷಿ ಸ್ಟೂಲಿನಲ್ಲಿ ಹಾಗೇ ಕೂತಿದ್ದಾಳೆ, ಐವತ್ತೆಂಟರ ಸೊಂಟ, ಮೂವತ್ತು ವರ್ಷ ಮೂಡುಬಿದಿರೆಯ ಶಾಲೆಯಲ್ಲಿ ಮಕ್ಕಳಿಗೆ ಹೂದಾನಿ ಬಿಡಿಸಲು ಕಲಿಸಿದ ಕೈ, ಈ ಒಂದು ಚಿತ್ರಕ್ಕೆ ನಾಲ್ಕು ತಿಂಗಳು ಹಿಡಿಯಿತು, ನಾಲ್ಕು ಗಂಟೆಗೆ ಚಿತ್ರದ ಆರ್ಡರ್ ತಂದ ಅಶೋಕ್ ಪಿಕಪ್ ತರುತ್ತಾನೆ, ಬೆಳ್ತಂಗಡಿಯ ಹೊಸ ಆಸ್ಪತ್ರೆಯ ಗೋಡೆಗೆ, ರೋಗಿಗಳು ನೋಡಿದ ಕೂಡಲೇ ತಂಪಾಗಬೇಕು ಮೇಡಂ, ನಿಮ್ಮ ಬಾಲ್ಯದ ಊರೇ ಬರಲಿ ಎಂದಿದ್ದ, ಬಂದಿದೆ, ಶಿರ್ತಾಡಿಯ ಗುಡ್ಡೆ, ಮುಳಿಹುಲ್ಲು, ಕೇಪಳ ಹೂವಿನ ಕೆಂಪು, ತುದಿಯಲ್ಲಿ ಅವಳು ಇದ್ದಿಲಿನಿಂದ ಹಕ್ಕಿ ಬರೆಯುತ್ತಿದ್ದ ಕರಿಕಲ್ಲು, ಎಲ್ಲ ಬಂದಿದೆ, ಇವತ್ತು ಬೆಳಿಗ್ಗೆಯವರೆಗೆ ಹಾಗೆಯೇ ಅಂದುಕೊಂಡಿದ್ದಳು. ಬೆಳಿಗ್ಗೆ ಅಕ್ಕ ಬಂದಳು, ಪೂವಮ್ಮ, ಎಂಟು ವರ್ಷಕ್ಕೆ ದೊಡ್ಡವಳು, ಬಸ್ಸಿಳಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು, ಇದು ನಮ್ಮ ಗುಡ್ಡೆಯಾ, ಹೌದಕ್ಕ, ಚಂದ ಉಂಟು, ಇನ್ನೂ ಹತ್ತಿರ ಬಂದು, ಇಷ್ಟು ಚಂದ ಇತ್ತಾ ಲೋಲ, ನನಗೆ ಗೊತ್ತೇ ಇಲ್ಲ ಮಾರಾಯ್ತಿ, ನಾನು ಕೆಳಗೆ ನೋಡಿಕೊಂಡೇ ಇಳೀತಿದ್ದದ್ದಲ್ವಾ, ತಲೆ ಮೇಲೆ ಸೊಪ್ಪು, ಕತ್ತೆತ್ತಿದರೆ ಬೀಳ್ತೇನೆ — ಬೇಸರದಿಂದ ಅಂದದ್ದಲ್ಲ, ಚಾಕ್ಕೆ ಸಕ್ಕರೆ ಕಡಿಮೆ ಅನ್ನುವ ಹಾಗೆ ಅಂದಳು, ಕಟ್ಟಿದ ಬೀಡಿ ಬ್ರಾಂಚಿಗೆ ಕೊಡಲಿಕ್ಕುಂಟು ಹೋಗ್ತೇನೆ ಎಂದು ಹನ್ನೊಂದರ ಬಸ್ಸಿಗೆ ಹೊರಟೇಹೋದಳು.

ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ಅಕ್ಕ, ದಿನಕ್ಕೆ ಮೂರು ಹೊರೆ ಸೊಪ್ಪು, ಇನ್ನೊಬ್ಬರ ದನದ ಹಟ್ಟಿಗೆ, ಆ ಕೂಲಿಯಲ್ಲೇ ಲೋಲಾಕ್ಷಿಯ ಪುಸ್ತಕ, ಡ್ರಾಯಿಂಗ್ ಪರೀಕ್ಷೆಯ ಫೀಸು, ಮೊದಲ ಬಣ್ಣದ ಪೆಟ್ಟಿಗೆ, ನೀನು ಕಲಿ ನಾನು ಹೊರುತ್ತೇನೆ ಎಂದು ಯಾರೂ ಹೇಳಿದ್ದಲ್ಲ, ಹಾಗಾಯಿತು, ಅಷ್ಟೆ, ಕಲ್ಲಿನ ಮೇಲೆ ಕೂತು ತಾನು ಹಕ್ಕಿ ಬರೆಯುವಾಗ ಅವಳು ಪಕ್ಕದಲ್ಲೇ ಇಳಿದು ಹೋಗುತ್ತಿದ್ದಳು, ನಾಲ್ಕು ತಿಂಗಳು ಹುಲ್ಲಿನ ಒಂದೊಂದು ಎಸಳು ಬರೆದೆ, ಅವಳು ನೆನಪಾಗಲಿಲ್ಲವಲ್ಲ — ಫೋನು ಎತ್ತಿಕೊಂಡಳು, ಅಶೋಕ್, ಇವತ್ತು ಬೇಡ, ಇದರಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ, ಅಯ್ಯೋ ಮೇಡಂ, ಮನುಷ್ಯರು ಬೇಡ, ಬರೀ ಪ್ರಕೃತಿ ಸಾಕು ಅಂತ ಆಸ್ಪತ್ರೆಯವರೇ ಹೇಳಿದ್ದಲ್ವಾ, ನಾಡಿದ್ದು ಉದ್ಘಾಟನೆ, ನಾನು ಆಗಲೇ ಹೊರಟಾಯ್ತು. ಇಟ್ಟುಬಿಟ್ಟಳು. ಎದ್ದಳು, ಮೊಣಕಾಲು ಕಟಕ್ಕೆಂದಿತು, ಸಣ್ಣ ಬ್ರಶ್ಶು, ಕಂದು, ಇಳಿಜಾರಿನ ಮಧ್ಯೆ ಜಾಗ ಮಾಡಿಕೊಂಡಳು, ಮುಖ, ಹದಿನಾರು ವರ್ಷದ ಪೂವಕ್ಕನ ಮುಖ, ಬರುತ್ತಿಲ್ಲ, ಇವತ್ತಿನ ಮುಖ ಬರುತ್ತದೆ, ಸುಕ್ಕು, ಬಿದ್ದ ಹಲ್ಲು, ಅದಲ್ಲ, ಒರೆಸಿದಳು, ಮೂಗಿನಿಂದ ಶುರು ಮಾಡಿದಳು, ಒರೆಸಿದಳು, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆ ಕರಿಕಲ್ಲಿನ ಮೇಲೆ ಹೋಗಿ ಕೂತಳು, ಅಕ್ಕ ಇಳಿದು ಬರುತ್ತಾಳೆ, ಸೊಪ್ಪು ಭುಜದವರೆಗೆ ಜೋತಿದೆ, ಮುಖ ಇಲ್ಲ, ಯಾವತ್ತೂ ಇರಲಿಲ್ಲ, ತಾನು ನೋಡಿದ್ದೇ ಅಷ್ಟು, ಕೆಳಗೆ ಹಾರ್ನ್ ಕೇಳಿಸುತ್ತಿದೆ, ಇನ್ನೊಮ್ಮೆ, ಮೇಡಂ ಎಂಬ ಕೂಗು, ಬ್ರಶ್ಶು ತಾನಾಗಿ ಇಳಿಯುತ್ತಿದೆ, ಸೊಪ್ಪಿನ ಹೊರೆ, ಅದರ ಕೆಳಗೆ ಎರಡು ಕಾಲು, ಬರಿಗಾಲು, ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಬಲಗಾಲು ಮುಂದಿನ ಕಲ್ಲನ್ನು ತಡವುತ್ತ ಗಾಳಿಯಲ್ಲಿ —